ಪದಚರ್ಚೆ: ಕಾರಿನ ‘ಆರ್ಬಿಟ್ರೇಶನ್’ಗೆ ಮಧ್ಯಸ್ಥಿಕೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ಒಂದು ಶೆಡ್ಡಿನಲ್ಲಿ ಭಾನುವಾರ ಬೆಳಗ್ಗೆ ಗ್ಯಾರೇಜ್ ಹುಡುಗರಿಗೆ ಕಾರಿನ ಎಲೆಕ್ಟ್ರಿಕಲ್ ಕೆಲಸ ಹೇಳಿಕೊಡುತ್ತೇನೆ. ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯಿಂದೆಲ್ಲ ಬರುತ್ತಾರೆ. ಅರ್ಧ ಜನಕ್ಕೆ ಮನೆಮಾತು ತೆಲುಗು, ಓದಿದ್ದು ಕನ್ನಡ. ಇಂಗ್ಲಿಷ್ ಮ್ಯಾನ್ಯುಯಲ್ ಕೊಟ್ಟರೆ ಚಿತ್ರ ನೋಡಿ ಮಡಚಿಡುತ್ತಾರೆ. ಹಾಗಾಗಿ ಕನ್ನಡದಲ್ಲೇ ಪಾಠದ ಹಾಳೆ ಬರೆಯುತ್ತಿದ್ದೇನೆ.

ಈಗಿನ ಕಾರಿನಲ್ಲಿ ಇಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಮೀಟರ್ ಬೋರ್ಡಿಗೊಂದು ಅಂತ ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ಹುಡುಗರು ಇವನ್ನು ‘ಬಾಕ್ಸು’ ಅನ್ನುತ್ತಾರೆ. ನಾನೂ ಬಾಕ್ಸು ಅಂತಲೇ ಬರೆದಿದ್ದೇನೆ, ‘ವಿದ್ಯುನ್ಮಾನ ನಿಯಂತ್ರಣ ಘಟಕ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಈ ಬಾಕ್ಸುಗಳು ಒಂದಕ್ಕೊಂದು ಮಾತಾಡುವುದು ಹೆಣೆದುಕೊಂಡ ಎರಡೇ ತಂತಿಗಳ ಮೇಲೆ. ಅದೇ ಕ್ಯಾನ್ ಬಸ್. ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸ ಶುರುಮಾಡಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಲೋಕಕ್ಕೆ ತೋರಿಸಿದ ಏರ್ಪಾಡು. ‘ಬಸ್’ ಪದದ ಬಗ್ಗೆ ನನಗೆ ತಕರಾರಿಲ್ಲ. ಲ್ಯಾಟಿನ್ನಿನ ‘ಓಮ್ನಿಬಸ್’ ಅಂದರೆ ‘ಎಲ್ಲರಿಗಾಗಿ’. ರಸ್ತೆಯ ಬಸ್ಸೂ ಅಲ್ಲಿಂದಲೇ ಬಂದದ್ದು, ತಂತಿಯ ಬಸ್ಸೂ ಅಲ್ಲಿಂದಲೇ. ಹಾಗೇ ಇರಲಿ.

ತೊಡಕು ‘ಆರ್ಬಿಟ್ರೇಶನ್’ನದು. ಎರಡು ಬಾಕ್ಸು ಒಂದೇ ಗಳಿಗೆಯಲ್ಲಿ ಮಾತು ಶುರುಮಾಡಿದರೆ ಯಾವುದು ಮುಂದುವರಿಯಬೇಕು ಅನ್ನುವುದು ತೀರ್ಮಾನವಾಗುವ ಬಗೆಗೆ ಆ ಹೆಸರು. ನಿಘಂಟು ನೋಡಿದರೆ ‘ಮಧ್ಯಸ್ಥಿಕೆ’, ‘ಪಂಚಾಯ್ತಿ’. ನಾನು ಬೋರ್ಡಿನ ಮೇಲೆ ಮಧ್ಯಸ್ಥಿಕೆ ಅಂತ ಬರೆದೆ. ಒಬ್ಬ ಹುಡುಗ ತಕ್ಷಣ ಕೇಳಿದ: “ಆ ಮಧ್ಯಸ್ಥ ಬಾಕ್ಸು ಎಲ್ಲಿರುತ್ತೆ ಸಾರ್? ಅದು ಸುಟ್ಟೋದ್ರೆ ಎಲ್ಲಾ ನಿಂತೋಗುತ್ತಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ನನ್ನ ಪದ. ಕ್ಯಾನ್ ಬಸ್ಸಿನಲ್ಲಿ ಮಧ್ಯಸ್ಥನೇ ಇಲ್ಲ. ನಮ್ಮ ಕಡೆ ಕೆರೆ ತೂಬಿಗೆ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವಾಗ ನೀರು ಅನ್ನುವುದು ಅವನ ಮಾತು. ಇಲ್ಲಿ ಅಂಥ ನೀರುಗಂಟಿ ಯಾರೂ ಇಲ್ಲ. ತೀರ್ಮಾನ ತಂತಿಯ ಮೇಲೆ ತಾನಾಗಿ ಆಗುತ್ತದೆ.

ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಹುಡುಕುವವರಿಗೆ ಅದು ಬೇಕೇ ಬೇಕು. ಹತ್ತು ಜನ ಕಣ್ಣು ಮುಚ್ಚಿಕೊಂಡು ಒಂದೇ ಹಗ್ಗ ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬ ಎಳೆದರೂ ಸಾಕು, ಹಗ್ಗ ಬಿಗಿ. ಹತ್ತೂ ಜನ ಕೈ ಸಡಿಲಿಸಿದರೆ ಮಾತ್ರ ಹಗ್ಗ ಸಡಿಲ. ಕ್ಯಾನ್ ತಂತಿಯೂ ಹೀಗೆಯೇ. ಯಾರೂ ಎಳೆಯದಿದ್ದಾಗ ಎರಡೂ ತಂತಿ ಸುಮಾರು 2.5 ವೋಲ್ಟಿನಲ್ಲಿ ಇರುತ್ತವೆ, ಅದು 1. ಒಂದು ಬಾಕ್ಸು ಎಳೆದರೆ ಒಂದು ತಂತಿ 3.5ರ ಹತ್ತಿರ ಏರಿ, ಇನ್ನೊಂದು 1.5ರ ಹತ್ತಿರ ಇಳಿಯುತ್ತದೆ, ಅದು 0. ಪ್ರತಿ ಬಾಕ್ಸೂ ತಾನು ಕಳಿಸುತ್ತಲೇ ತಂತಿಯ ಮೇಲೆ ನಿಜಕ್ಕೂ ಏನಿದೆ ಅಂತ ನೋಡಿಕೊಳ್ಳುತ್ತಿರುತ್ತದೆ.

ಇಂಥ ಒಂದೊಂದು 0 ಅಥವಾ 1ಕ್ಕೆ ಬಿಟ್ ಅನ್ನುತ್ತಾರೆ. ಪ್ರತಿ ಸಂದೇಶದ ತಲೆಯಲ್ಲಿ 11 ಬಿಟ್ಟಿನ ಒಂದು ಸಂಖ್ಯೆ (29 ಬಿಟ್ಟಿನದೂ ಉಂಟು). ಲೆಕ್ಕಕ್ಕೆಂದು ಬ್ರೇಕಿನ ಸಂದೇಶ 256, ಎಸಿಯದು 512 ಅಂತಿಟ್ಟುಕೊಳ್ಳೋಣ. ಬಿಟ್ಟುಗಳಲ್ಲಿ ಬರೆದರೆ 00100000000 ಮತ್ತು 01000000000. ಎರಡೂ ಒಟ್ಟಿಗೆ ಹೊರಟವು. ಮೊದಲ ಬಿಟ್ ಎರಡರದೂ 0, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಎಸಿ ಬಾಕ್ಸು ಸಡಿಲ ಬಿಡುತ್ತದೆ, ನೋಡಿದರೆ ತಂತಿ ಬಿಗಿಯಾಗಿದೆ. ‘ನನಗಿಂತ ಮುಖ್ಯವಾದದ್ದು ಯಾರೋ ಹೇಳುತ್ತಿದ್ದಾರೆ’ ಅಂತ ಅದಕ್ಕೆ ಅಲ್ಲೇ ತಿಳಿದು ಸುಮ್ಮನಾಗುತ್ತದೆ. ಬ್ರೇಕಿನ ಸಂದೇಶಕ್ಕೆ ಒಂದು ಬಿಟ್ಟಿನಷ್ಟೂ ಧಕ್ಕೆಯಿಲ್ಲ, ಅದಕ್ಕೆ ಜೊತೆಗಾರ ಇದ್ದದ್ದೂ ಗೊತ್ತಾಗುವುದಿಲ್ಲ. ತಂತಿ ಖಾಲಿಯಾದ ಮೇಲೆ ಎಸಿ ಮತ್ತೆ ಹೇಳುತ್ತದೆ. ಇಷ್ಟು ಚೆಂದದ ಕೆಲಸಕ್ಕೆ ‘ಮಧ್ಯಸ್ಥಿಕೆ’ ಅಂತ ಹೆಸರಿಡಲು ನನಗೆ ಮನಸ್ಸು ಬರುತ್ತಿಲ್ಲ.

ಪದ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಮುಂದಿನ ವಾರವೇ ನೋಡಿದೆ. ಅದೇ ಹುಡುಗನ ಗ್ಯಾರೇಜಿಗೆ ಒಂದು ಕಾರು ಬಂತು. ಮೀಟರ್ ಬೋರ್ಡು ಒಮ್ಮೊಮ್ಮೆ ಸತ್ತು ಒಮ್ಮೊಮ್ಮೆ ಬದುಕುತ್ತಿತ್ತು. ಸ್ಕ್ಯಾನರ್ ಹಾಕಿದರೆ ‘ಯು’ ಅಕ್ಷರದಿಂದ ಶುರುವಾಗುವ ಕೋಡು, ಅಂದರೆ ಬಾಕ್ಸುಗಳ ನಡುವೆ ಮಾತು ಕಡಿದಿದೆ ಅಂತ. ಅವನು ಗೇಟ್‌ವೇ ಬಾಕ್ಸನ್ನೇ ‘ಮಧ್ಯಸ್ಥ’ ಅಂದುಕೊಂಡು ಅದನ್ನು ಬದಲಾಯಿಸಬೇಕು ಅಂತ ಓನರಿಗೆ ಹೇಳಿಬಿಟ್ಟಿದ್ದ. ಗೇಟ್‌ವೇ ಮಾಡುವುದು ಒಂದು ಬಸ್ಸಿನ ಮಾತನ್ನು ಇನ್ನೊಂದು ಬಸ್ಸಿಗೆ ದಾಟಿಸುವ ಕೆಲಸ, ಜಗಳ ಬಿಡಿಸುವುದಲ್ಲ. ಬ್ಯಾಟರಿ ಬಿಚ್ಚಿ, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ನಡುವೆ ಮಲ್ಟಿಮೀಟರ್ ಹಿಡಿದೆವು. ಕರೆಂಟಿಗೆ ಇರುವ ತಡೆ 60 ಓಮ್ ಬರಬೇಕಾದಲ್ಲಿ 120 ಬಂತು. ಬಸ್ಸಿನ ಎರಡು ತುದಿಗೂ ಒಂದೊಂದು 120 ಓಮಿನ ರೆಸಿಸ್ಟರ್ ಇರುತ್ತದೆ, ಕರೆಂಟಿಗೆ ಎರಡು ದಾರಿ ಸಿಗುವುದರಿಂದ ಎರಡೂ ಸೇರಿ ಅರ್ಧ, ಅಂದರೆ 60. ಒಂದು ತುದಿ ಕಡಿದಿದೆ ಅಂತಾಯಿತು. ಆ ಕಾರಿನಲ್ಲಿ ಒಂದು ರೆಸಿಸ್ಟರ್ ಮೀಟರ್ ಬೋರ್ಡಿನೊಳಗೇ ಇತ್ತು, ಅದರ ಹಿಂದಿನ ವೈರನ್ನು ಇಲಿ ಕಡಿದು ಒಂದೆರಡು ಎಳೆ ಮಾತ್ರ ಉಳಿದಿತ್ತು. ಬೆಸೆದು ಟೇಪ್ ಸುತ್ತಿದ ಮೇಲೆ 60 ಬಂತು. ಓನರಿಗೆ ಬಾಕ್ಸಿನ ದುಡ್ಡು ಉಳಿಯಿತು.

ಅಂದಹಾಗೆ, ಆ ತುದಿಯ ರೆಸಿಸ್ಟರಿಗೆ ನಾನು ‘ಅಂತ್ಯ ಪ್ರತಿರೋಧಕ’ ಅಂತ ಬರೆದಿದ್ದೆ. ಹುಡುಗರು ಒಮ್ಮೆಯೂ ಆ ಪದ ಬಳಸಲಿಲ್ಲ. “ಅರವತ್ತು ಬರ್ತಿದೆಯಾ?” “ಇಲ್ಲ, ನೂರಿಪ್ಪತ್ತಾಗೈತೆ.” ಸಂಖ್ಯೆಯೇ ಅವರಿಗೆ ಪದವಾಗಿದೆ. ಹಾಳೆಯಿಂದ ಅದನ್ನು ಹೊಡೆದುಹಾಕಿದ್ದೇನೆ.

ಇನ್ನು ಆ 0 ಮತ್ತು 1ಕ್ಕೆ ಇಂಗ್ಲಿಷಿನಲ್ಲಿ ‘ಡಾಮಿನೆಂಟ್’, ‘ರಿಸೆಸಿವ್’ ಅನ್ನುತ್ತಾರೆ. ಜೀವಶಾಸ್ತ್ರದ ಪಾಠದ ಪ್ರಬಲ, ದುರ್ಬಲ ಇಲ್ಲಿ ಒಗ್ಗುವುದಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಸುಮ್ಮನಿರುವುದು ದುರ್ಬಲವಲ್ಲ. ‘ಬಿಗಿ ಬಿಟ್’, ‘ಸಡಿಲ ಬಿಟ್’ ಅಂತ ಬರೆದೆ. ಹುಡುಗರಿಗೆ ಹಗ್ಗದ ಚಿತ್ರದ ಜೊತೆಗೇ ನಾಟಿತು. ಇದಕ್ಕೆ ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ, ಆದರೆ ನಾನು ಸುಲಭಕ್ಕೆ ಬಿಡಲಾರೆ.

ತಲೆಯ ಸಂಖ್ಯೆಗೆ ‘ವಿಳಾಸ’ ಅಂತ ಬರೆದವರನ್ನು ನೋಡಿದ್ದೇನೆ. ಅದು ತಪ್ಪು. ಆ ಸಂಖ್ಯೆ ಯಾರಿಗೆ ಅಂತ ಹೇಳುವುದಿಲ್ಲ, ಏನು ಅಂತ ಹೇಳುತ್ತದೆ: ಇದು ಚಕ್ರದ ವೇಗ, ಇದು ಇಂಜಿನ್ನಿನ ಬಿಸಿ. ಊರಲ್ಲಿ ತಮಟೆ ಹೊಡೆದು ಸಾರುವ ಹಾಗೆ. ಬೇಕಾದವರು ಕಿವಿಗೊಡುತ್ತಾರೆ, ಬೇಡದವರು ಬಿಡುತ್ತಾರೆ. ‘ಗುರುತುಸಂಖ್ಯೆ’ ಸಾಕು ಅನಿಸುತ್ತದೆ. ‘ಬ್ರಾಡ್‌ಕಾಸ್ಟ್’ಗೆ ಪ್ರಸಾರಕ್ಕಿಂತ ‘ಸಾರಿಕೆ’ ನನಗೆ ಹಿಡಿಸಿದೆ.

ಈಗ ಮುಖ್ಯ ಪ್ರಶ್ನೆ. ಎಸಿ ಬಾಕ್ಸಿನ ಕತೆ ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ತನ್ನಷ್ಟಕ್ಕೆ “ಓ, ಅದು ತಗ್ಗುತ್ತೆ” ಅಂದ. ಆ ಮಾತು ನನ್ನನ್ನು ಬಿಟ್ಟಿಲ್ಲ. ತಗ್ಗು ಅನ್ನುವ ಕ್ರಿಯಾಪದ ಕನ್ನಡಕ್ಕೂ ಸೇರಿದ್ದು, ತೆಲುಗಿಗೂ ಸೇರಿದ್ದು. ನಮ್ಮ ಜಿಲ್ಲೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಸೋತಿತು ಅಂದಂತಲ್ಲ, ತಿಳಿದು ಹಿಂದೆ ಸರಿದಂತೆ. ‘ತಗ್ಗುವಿಕೆ’ ಅಂತ ಮಾಡಿಕೊಳ್ಳಬಹುದೇ?

ಎರಡು ಅನುಮಾನ ಇವೆ. ಒಂದು, ಇಲ್ಲಿ ಗೆಲ್ಲುವುದು ಚಿಕ್ಕ ಸಂಖ್ಯೆ, ತಗ್ಗುವುದು ದೊಡ್ಡ ಸಂಖ್ಯೆ. ತಗ್ಗು ಅಂದರೆ ಕಡಿಮೆ ಅನ್ನುವ ಅರ್ಥವೂ ಇರುವುದರಿಂದ ಕಲಿಯುವವನು ಎಡವಬಹುದು. ಇನ್ನೊಂದು, ಉತ್ತರ ಕರ್ನಾಟಕದಲ್ಲಿ ತಗ್ಗು ಅಂದರೆ ರಸ್ತೆಯ ಗುಂಡಿ. ಕಾರಿನ ಪಾಠದಲ್ಲೇ ಆ ಪದ ಬಂದರೆ ಅಲ್ಲಿಯವರ ಮನಸ್ಸು ಗುಂಡಿಯ ಕಡೆಗೇ ಹೋಗುತ್ತದೋ ಏನೋ.

ಬೇರೆ ದಾರಿ ಹುಡುಕಿದರೆ ‘ಎಡೆಗೊಡು’ ಇದೆ. ಜಾಗ ಕೊಡುವುದು ಅಂತ ಅರ್ಥ, ಹಳೆಯ ಪದ, ಅಂದವಾಗಿದೆ. “ಸಂಶಯಕ್ಕೆ ಎಡೆಗೊಡದೆ” ಅಂತ ಬರವಣಿಗೆಯಲ್ಲಿ ಇನ್ನೂ ಬದುಕಿದೆ. ಆದರೆ ನನ್ನ ಹುಡುಗರಿಗೆ ಎಡೆ ಅಂದರೆ ಹಿರಿಯರ ಹಬ್ಬದಲ್ಲಿ ಬಾಳೆಲೆಯ ಮೇಲೆ ಇಡುವ ಎಡೆ. ‘ದಾರಿಬಿಡು’ ಸರಳ, ಕೆರೆ ಏರಿಯ ಮೇಲೆ ಎದುರುಬದುರಾದ ಗಾಡಿಗಳಲ್ಲಿ ಒಂದು ದಾರಿಬಿಡುವುದು ಎಲ್ಲರೂ ಕಂಡದ್ದೇ. ಅದನ್ನು ನಾಮಪದ ಮಾಡಲು ಹೋದರೆ ‘ದಾರಿಬಿಡುವಿಕೆ’ ಅಂತ ಉದ್ದವಾಗಿ ನಾಲಗೆಗೆ ಕೂರುವುದಿಲ್ಲ.

ಹುಬ್ಬಳ್ಳಿ, ಧಾರವಾಡ, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ: “ಎಸಿ ಬಾಕ್ಸು ಬ್ರೇಕಿಗೆ ತಗ್ಗಿತು” ಅನ್ನುವ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕರಾವಳಿಯವರ ಆಡುಮಾತಿನಲ್ಲಿ, ಓಣಿಯಲ್ಲಿ ಇಬ್ಬರು ಎದುರಾದಾಗ ಒಬ್ಬ ಸರಿದುಕೊಳ್ಳುವುದಕ್ಕೆ ಬೇರೆಯೇ ಪದವಿದೆಯೇ? ಹಾಳೆಯಲ್ಲಿ ಆ ಜಾಗವನ್ನು ಪೆನ್ಸಿಲ್ಲಿನಲ್ಲಿ ಬರೆದು ಬಿಟ್ಟಿದ್ದೇನೆ.