ಅಡಿಕೆ ವ್ಯಾಪಾರಿಯ ಚೆಕ್ ಬೌನ್ಸ್: ಕೇಸು ಕಾಸರಗೋಡಿನಲ್ಲೋ ಪುತ್ತೂರಿನಲ್ಲೋ?

ಪೆರ್ಲದ ತೋಟದವ:
ಪುತ್ತೂರಿನ ಒಬ್ಬ ವ್ಯಾಪಾರಿಗೆ ಅಡಿಕೆ ಕೊಟ್ಟ ಬಾಬ್ತು 1,85,000 ರೂಪಾಯಿಯ ಚೆಕ್, ತಾರೀಕು ಜುಲೈ 10. ನನ್ನ ಖಾತೆ ಕಾಸರಗೋಡು ಜಿಲ್ಲೆಯ ಪೆರ್ಲ ಬ್ರಾಂಚಿನಲ್ಲಿ, ಚೆಕ್ ಹಾಕಿದ್ದು ಅದೇ ಬ್ಯಾಂಕಿನ ಪುತ್ತೂರು ಬ್ರಾಂಚಿನಲ್ಲಿ. ಅವರ ಖಾತೆಯಲ್ಲಿ ದುಡ್ಡಿಲ್ಲ ಅಂತ ವಾಪಸ್ ಬಂತು. ಚೆಕ್ ವಾಪಸಾದ ಬಗ್ಗೆ ಬ್ಯಾಂಕಿನ ಮೆಮೊ ಕೈಗೆ ಸಿಕ್ಕಿದ್ದು ಆಗಸ್ಟ್ 4ಕ್ಕೆ. ಕೇಳಿದ್ದಕ್ಕೆ 40,000 ಗೂಗಲ್ ಪೇ ಮಾಡಿ, ಚೌತಿ ಕಳೆದ ಮೇಲೆ ಅದೇ ಚೆಕ್ ಪುನಃ ಹಾಕಿ ಅಂತಾರೆ. ಕಾಯಬಹುದಾ? ಕೇಸು ಹಾಕುವುದಾದರೆ ಪುತ್ತೂರಿಗೇ ಹೋಗಬೇಕಾ? ಮೊದಲು ಪೊಲೀಸ್ ಸ್ಟೇಷನ್ನಿಗೆ ಕೊಡಬೇಕಾ?

ಕೋರ್ಟ್ ರಸ್ತೆ:
ಸ್ಟೇಷನ್ ಬೇಡ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೇಸನ್ನು ನೀವೇ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕುವುದು.

ಪುತ್ತೂರಿಗೇ ಹೋಗಬೇಕು ಅನ್ನುವುದು ಹಳೇ ಲೆಕ್ಕ. 2014ರಲ್ಲಿ ಸುಪ್ರೀಂ ಕೋರ್ಟ್ ಚೆಕ್ ಕೊಟ್ಟವನ ಬ್ಯಾಂಕ್ ಇರುವ ಊರಿನ ಕೋರ್ಟು ಎಂದಿತ್ತು. 2015ರ ತಿದ್ದುಪಡಿ ಅದನ್ನು ತಿರುಗಿಸಿತು. ಖಾತೆಗೆ ಹಾಕಿದ ಚೆಕ್ಕಾದರೆ, ಹಣ ಬರಬೇಕಾದವನ ಖಾತೆ ಯಾವ ಬ್ರಾಂಚಿನಲ್ಲಿ ಉಂಟೋ ಆ ಜಾಗದ ಕೋರ್ಟಿಗೇ ಅಧಿಕಾರ. ಬೇರೆ ಬ್ರಾಂಚಿನಲ್ಲಿ ಹಾಕಿದರೂ ನಿಮ್ಮ ಖಾತೆಯ ಬ್ರಾಂಚಿನಲ್ಲೇ ಹಾಕಿದಂತೆ ಲೆಕ್ಕ. ಹಾಗಾಗಿ ನಿಮ್ಮದು ಕಾಸರಗೋಡು. (ಖಾತೆ ವಿಟ್ಲದಲ್ಲೋ ಮಂಗಳೂರಿನಲ್ಲೋ ಇಟ್ಟುಕೊಂಡ ಗಡಿಯವರಿಗೆ ಇದೇ ನಿಯಮ ಉಲ್ಟಾ ಹೊಡೀತದೆ.)

ಕಾಯುವುದು ಬೇಡವೇ ಬೇಡ. ಮೆಮೊ ಸಿಕ್ಕಿದ 30 ದಿನದೊಳಗೆ ಚೆಕ್ಕಿನ ಹಣ ಕೊಡಿ ಅಂತ ಅವರಿಗೆ ನೋಟಿಸ್ ಹೋಗಬೇಕು, ನಿಮಗೆ ಸೆಪ್ಟೆಂಬರ್ 3 ಕೊನೆ. ಚೌತಿ ಕಳೆಯುವಾಗ ಅದು ದಾಟಿರ್ತದೆ. ನೋಟಿಸ್ ಅವರ ಕೈಸೇರಿದ ಮೇಲೆ ಹಣ ಕೊಡಲು 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ಕೇಸು. ಆಗಸ್ಟ್ 20ಕ್ಕೆ ತಲುಪಿತು ಅಂತಿಟ್ಟುಕೊಳ್ಳಿ, ಅವರ ಗಡುವು ಸೆಪ್ಟೆಂಬರ್ 4. ನೀವು ಅಕ್ಟೋಬರ್ 4ರ ಒಳಗೆ ಹಾಕಿಬಿಡಿ. ಅವಸರದಲ್ಲಿ ಆ 15 ದಿನ ಮುಗಿಯುವ ಮೊದಲೇ ಹಾಕಿದರೆ ಆ ಕೇಸು ನಿಲ್ಲುವುದಿಲ್ಲ. ಕೇಸು ಹಾಕುವಾಗ ತಡವಾದರೆ ಸರಿಯಾದ ಕಾರಣ ತೋರಿಸಿ ಮಾಫಿ ಕೇಳಬಹುದು, ನೋಟಿಸಿನ 30 ದಿನಕ್ಕೆ ಆ ಸೌಕರ್ಯ ಇಲ್ಲ.

ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಜಾಗ್ರತೆ. ಟ್ರ್ಯಾಕಿಂಗ್ ಮಾಹಿತಿ ವೆಬ್‌ಸೈಟಿನಲ್ಲಿ ಯಾವಾಗಲೂ ಇರುವುದಿಲ್ಲ, ತಲುಪಿದ ಕೂಡಲೇ ಪ್ರಿಂಟ್ ತೆಗೆದಿಡಿ. ವಿಳಾಸ ಸರಿಯಿದ್ದು, ಅವರು ತೆಗೆದುಕೊಳ್ಳದೆ ವಾಪಸ್ ಬಂದರೂ ತಲುಪಿದ ಹಾಗೆಯೇ.

ಎಣ್ಮಕಜೆ:
ಆ 40,000ದ ವಿಷಯ ಮೇಲಿನವರು ಬಿಟ್ಟರು. ನನ್ನ ಪ್ರಕಾರ ಇಡೀ ಕೇಸಿನ ಕುತ್ತಿಗೆ ಇರುವುದೇ ಅಲ್ಲಿ. ಬಾಕಿ ಇರುವುದು 1,45,000, ಚೆಕ್ಕಿನಲ್ಲಿ ಇರುವುದು 1,85,000. ಈಗ ಅದನ್ನೇ ಹಾಗೆಯೇ ಪುನಃ ಹಾಕಿ ಬೌನ್ಸ್ ಆದರೆ, ಹಾಕಿದ ದಿನ ಇಲ್ಲದ ಸಾಲಕ್ಕೆ ಚೆಕ್ ಹಾಕಿದ್ದಾರೆ ಅಂತ ಅವರ ವಕೀಲರು ಹೇಳ್ತಾರೆ. ಸುಪ್ರೀಂ ಕೋರ್ಟಿನ 2022ರ ದಶರಥಭಾಯಿ ಪಟೇಲ್ ತೀರ್ಪು ಅವರ ಪರ ಉಂಟು. ಬಂದ ಹಣವನ್ನು 56ನೇ ಸೆಕ್ಷನ್ ಪ್ರಕಾರ ಚೆಕ್ಕಿನ ಮೇಲೆ ಬರೆದು ಬಾಕಿಗೆ ಮಾತ್ರ ಹಾಕಬೇಕು ಅಂತ ಆ ತೀರ್ಪು. ಹಾಗೆ ಬರೆದ ಚೆಕ್ ಕಂಡರೆ ಈಗ ಬ್ಯಾಂಕಿನವರು ತಕರಾರು ಮಾಡುವುದೇ ಹೆಚ್ಚು. ಪುನಃ ಹಾಕುವುದೇ ಆದರೆ 1,45,000ಕ್ಕೆ ಹೊಸ ಚೆಕ್ ಬರೆಸಿಕೊಳ್ಳಿ, ಅದೂ ಸೆಪ್ಟೆಂಬರ್ 3ಕ್ಕೆ ಮೊದಲು. ಕೊಡದಿದ್ದರೆ ಮೊದಲನೇ ಬೌನ್ಸಿನ ಮೇಲೆಯೇ ನೋಟಿಸ್. ಆ ದಿನ ಪೂರ್ತಿ 1,85,000 ಬಾಕಿ ಇತ್ತಲ್ಲ.

ನೋಟಿಸಿನಲ್ಲಿ ಚೆಕ್ಕಿನ ಮೊತ್ತ ಅಂಕೆ ತಪ್ಪದೆ ಬರಲಿ. ಮೊತ್ತ ತಪ್ಪಾದ ನೋಟಿಸ್ ಅಸಿಂಧು, ಟೈಪಿಂಗ್ ತಪ್ಪು ಎಂದರೂ ನಡೆಯುವುದಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂದ 40,000 ಬೇರೆ ವಾಕ್ಯದಲ್ಲಿ ಬರಲಿ, ಮುಚ್ಚಿಡಬೇಡಿ. ಬಡ್ಡಿ, ವಕೀಲರ ಫೀಸು ಕೇಳುವುದಾದರೆ ಅದೂ ಬೇರೆಯೇ. ಇಂಥ ನೋಟಿಸ್ ಮೊಬೈಲಿನಲ್ಲಿ ಸಿಗುವ ಮಾದರಿ ನೋಡಿ ಬರೆಯುವಂಥದ್ದಲ್ಲ, ವಕೀಲರೇ ಬರೆಯಲಿ.

ಪೆರ್ಲದ ತೋಟದವ:
ಉಪಕಾರ ಆಯ್ತು. ಚೆಕ್ಕಿನಲ್ಲಿ ಟ್ರೇಡರ್ಸ್ ಹೆಸರಿನ ಸೀಲು ಉಂಟು, ಕೆಳಗೆ 'ಪಾರ್ಟ್‌ನರ್' ಅಂತ ಸಹಿ. ತೊಂದರೆ ಉಂಟಾ? ಕೋರ್ಟಿನಲ್ಲಿ ಕನ್ನಡ ನಡೀತದಾ?

ಕೋರ್ಟ್ ರಸ್ತೆ:
ಪಾರ್ಟ್‌ನರ್‌ಶಿಪ್ ಎಂದಾದರೆ ನೋಟಿಸೂ ಕೇಸೂ ಸಂಸ್ಥೆಯ ಹೆಸರಿಗೂ ಹೋಗಲಿ, ಸಹಿ ಮಾಡಿದವರಿಗೂ ಹೋಗಲಿ, 141ನೇ ಸೆಕ್ಷನ್. ಬರೇ ಪಾರ್ಟ್‌ನರ್ ಮೇಲೆ ಹಾಕಿದ ಕೇಸೂ ನಿಲ್ಲುತ್ತದೆ, ಸಂಸ್ಥೆಯನ್ನು ಆಮೇಲೆ ಸೇರಿಸಬಹುದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಮೊದಲೇ ಎರಡೂ ಹೆಸರು ಇರುವುದು ಒಳ್ಳೇದು.

ಭಾಷೆ: ನೋಟಿಸ್ ಇಂಥ ಭಾಷೆಯಲ್ಲೇ ಇರಬೇಕು ಅಂತಿಲ್ಲ, ಕನ್ನಡವೂ ಆಗ್ತದೆ. ಕೋರ್ಟಿನ ಕಾಗದ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ ಆಗುವುದು. ಅಫಿಡವಿಟ್ಟಿಗೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಪಾಟಿಸವಾಲು ಬರುವುದು ಅದರ ಮೇಲೆಯೇ. ಸಹಿ ಅವರದ್ದೇ ಎಂದಾದ ಮೇಲೆ ಸಾಲ ಇತ್ತು ಅಂತ ಕಾಯ್ದೆಯೇ ಊಹಿಸ್ತದೆ. ಆದರೂ ತೂಕದ ಚೀಟಿ, ವಾಟ್ಸಾಪ್ ಮಾತುಕತೆ ಇಟ್ಟುಕೊಳ್ಳಿ. ಆ ಮೊಬೈಲ್ ಮಾರಬೇಡಿ.

ಖರ್ಚು: ಕೇರಳದಲ್ಲಿ 2024ರಿಂದ ಚೆಕ್ ಕೇಸಿನ ಕೋರ್ಟ್ ಫೀ ಜೋರು ಏರಿದೆ. 10,000 ದಾಟಿದ ಚೆಕ್ಕಿಗೆ ಮೊತ್ತದ ಶೇ. 5 ಎಂದು ಮಾಡಿದರು, ನಿಮ್ಮದಕ್ಕೆ 9,250 ಆಯ್ತು. ಹಾಕುವ ದಿನದ ದರ ವಕೀಲರಲ್ಲಿ ಖಚಿತ ಮಾಡಿಕೊಳ್ಳಿ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ತಪ್ಪಿಲ್ಲ ಎಂದು ಅವರು ವಾದಕ್ಕೆ ನಿಂತರೆ, 143ಎ ಪ್ರಕಾರ ಚೆಕ್ಕಿನ ಶೇ. 20ರವರೆಗೆ ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಬಹುದು, ಕೊಡಿಸುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು.

ಎಣ್ಮಕಜೆ:
ಪುತ್ತೂರಿಗೆ ಸಮನ್ಸ್ ಹೋಗುವುದರಲ್ಲೇ ತಿಂಗಳುಗಟ್ಟಲೆ ಹೋಗುವುದುಂಟು. ಸಂಸ್ಥೆಯ ವಿಳಾಸ, ಮನೆ ವಿಳಾಸ ಎರಡನ್ನೂ ದೂರಿನಲ್ಲೇ ಕೊಡಿ. ಸ್ಪೀಡ್ ಪೋಸ್ಟಿನಲ್ಲೂ ಸಮನ್ಸ್ ಕಳಿಸಬಹುದು ಅಂತ 144ನೇ ಸೆಕ್ಷನ್ನಿನಲ್ಲಿ ಉಂಟು, ವಕೀಲರಿಗೆ ನೆನಪು ಮಾಡಿ.