ಬೇಸಿಗೆಗೆ ಯಾವ ವೈನ್? ಅಂಗಡಿಯವರು ಕೊಟ್ಟ ಪಟ್ಟಿ ಸರಿ ಇದೆಯಾ?

ಗಾಜಿನಮನೆ_ದಾವಣಗೆರೆ:

ಮುಂದಿನ ಶನಿವಾರ ಸಂಜೆ ತಾರಸಿ ಮೇಲೆ ಸಣ್ಣ ಕೂಟ ಇದೆ. ಹನ್ನೆರಡು ಜನ, ಅದರಲ್ಲಿ ವೈನ್ ಕುಡಿಯೋರು ಎಂಟು. ನಮ್ಮೂರ ಏಪ್ರಿಲ್ ಗೊತ್ತಲ್ಲ, ಸಂಜೆ ಏಳಕ್ಕೂ ತಾರಸಿ ನೆಲ ಕಾಲು ಸುಡುತ್ತೆ. ಮೊದಲು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಆಮೇಲೆ ಚಿಕನ್ ಸುಕ್ಕ, ರೊಟ್ಟಿ.

ಬೇಸಿಗೆಗೆ ತಂಪಾಗಿರೋದು ಕೊಡಿ ಅಂದಿದ್ದಕ್ಕೆ ಅಂಗಡಿಯವರು ಬರೆದುಕೊಟ್ಟಿದ್ದು ಇದು: ಸೋವಿನ್ಯಾನ್ ಬ್ಲಾಂಕ್ ಎರಡು, ಶೆನಿನ್ ಬ್ಲಾಂಕ್ ಒಂದು (ಇವೆರಡೂ ಬಿಳಿ ವೈನ್), ರೋಸೆ (ಗುಲಾಬಿ ಬಣ್ಣದ್ದು) ಒಂದು, ಬ್ರೂಟ್ (ಗುಳ್ಳೆ ಬರೋದು) ಒಂದು, ಶಿರಾಜ್ ರೆಡ್ ಎರಡು. ರೆಡ್ ಮಾತ್ರ ರೂಮ್ ಟೆಂಪರೇಚರ್‌ನಲ್ಲೇ ಕೊಡಿ ಅಂದರು. ಈ ಪಟ್ಟಿ ಸರಿ ಇದೆಯಾ? ಏಳು ಬಾಟಲಿ ಬೇಕಾ? ಮನೇಲಿರೋದು 190 ಲೀಟರ್ ಫ್ರಿಜ್, ಅದರ ತುಂಬ ಹಾಲು, ತರಕಾರಿ, ದೋಸೆ ಹಿಟ್ಟು. ಇಷ್ಟು ಬಾಟಲಿ ತಣ್ಣಗೆ ಮಾಡೋದು ಹೇಗೆ?

ಕೌಂಟರ್_ಹಿಂದೆ:

ಪಟ್ಟಿ ಮುಕ್ಕಾಲು ಪಾಲು ಸರಿ ಇದೆ ಸರ್. ಶಿರಾಜ್ ಎರಡೂ ತೆಗೆದುಹಾಕಿ. ಶಿರಾಜ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 13ರಿಂದ 14, ಜೊತೆಗೆ ಟ್ಯಾನಿನ್, ಅಂದರೆ ಎಳೆ ಅಡಿಕೆ ಜಗಿದಾಗ ಬಾಯಿ ಒಗರಾಗುತ್ತಲ್ಲ, ಅದು. ಮೆಣಸಿನಕಾಯಿ ಬಜ್ಜಿ ತಿಂದು ಮೇಲೆ ಇದನ್ನ ಕುಡಿದರೆ ಖಾರ ಇಳಿಯಲ್ಲ, ಏರುತ್ತೆ. ನಾಲಿಗೆಯಲ್ಲಿ ಖಾರವನ್ನ ಉರಿ ಅಂತ ಗುರುತಿಸೋ ಜಾಗವನ್ನೇ ಆಲ್ಕೋಹಾಲ್ ಕೂಡ ಕೆಣಕೋದು. ಹಾಗಾಗಿ ಖಾರದ ಊಟಕ್ಕೆ ಆಲ್ಕೋಹಾಲ್ ಕಡಿಮೆ, ಟ್ಯಾನಿನ್ ಇಲ್ಲದ್ದು, ಚೂರು ಸಿಹಿ ಉಳಿದಿರೋದು ನೋಡಿ ತಗೋಬೇಕು.

ಆ ಲೆಕ್ಕದಲ್ಲಿ ನಿಮ್ಮ ಊಟಕ್ಕೆ ಮುಖ್ಯವಾದದ್ದು ಶೆನಿನ್ ಬ್ಲಾಂಕ್, ಸೋವಿನ್ಯಾನ್ ಅಲ್ಲ. ಸುಲಾ ಕಂಪನಿಯ ಶೆನಿನ್‌ನಲ್ಲಿ ತೆಳು ಸಿಹಿ ಇದೆ, ಅವರದೇ ಇನ್ನೊಂದು ಬಿಳಿ ವೈನ್ ರೀಸ್ಲಿಂಗ್ ಕೂಡ ಹಾಗೇ. ಮಂಡಕ್ಕಿಗೂ ಸುಕ್ಕಕ್ಕೂ ಎರಡೂ ನಡೆಯುತ್ತೆ. ಸೋವಿನ್ಯಾನ್ ಬ್ಲಾಂಕ್ ಪೂರ್ತಿ ಡ್ರೈ, ಹುಳಿ ಜಾಸ್ತಿ. ವಾಸನೆಯಲ್ಲಿ ಹಸಿ ದೊಣ್ಣೆಮೆಣಸಿನಕಾಯಿ, ಪೇರಲ ಬರುತ್ತೆ. ಸೌತೆಕಾಯಿ, ನಿಂಬೆಹಣ್ಣು ಹಿಂಡಿದ ಕೋಸಂಬರಿ ಜೊತೆ ಬಹಳ ಚೆನ್ನ, ಬರೀ ಖಾರಕ್ಕೆ ಅಷ್ಟಕ್ಕಷ್ಟೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಝಾಂಪಾದವರ ವಿಯೋನಿಯೇ ಅನ್ನೋ ಬಿಳಿ ವೈನ್ ಸಿಕ್ಕರೆ ಒಂದು ಬದಲಿಸಬಹುದು, ಪರಿಮಳ ತುಂಬ, ಹುಳಿ ಕಡಿಮೆ.

ಒಂದು ಗೊಂದಲ ಕೌಂಟರ್‌ನಲ್ಲಿ ದಿನಾ ನಡೆಯುತ್ತೆ. ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ಆದರೆ ಗುಳ್ಳೆ ಬರೋ ವೈನ್‌ನಲ್ಲಿ ಎಕ್ಸ್‌ಟ್ರಾ ಡ್ರೈ ಅಂತ ಬರೆದಿದ್ದರೆ ಅದು ಬ್ರೂಟ್‌ಗಿಂತ ಸಿಹಿ! ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ 12ರಿಂದ 17 ಗ್ರಾಂ. ಹೆಸರು ಇಟ್ಟವರನ್ನ ಕೇಳಬೇಕು.

ಬ್ರೂಟ್ ಒಂದು ಇರಲಿ, ಆದರೆ ಮೆಣಸಿನಕಾಯಿ ಬಜ್ಜಿ ಬರೋಕೆ ಮುಂಚೆ ತೆಗೀರಿ. ಹಪ್ಪಳ, ನಿಪ್ಪಟ್ಟು, ಹುರಿದ ಶೇಂಗಾ ಜೊತೆ ಅದರ ಹುಳಿ ಮತ್ತು ಗುಳ್ಳೆ ಎಣ್ಣೆ-ಉಪ್ಪನ್ನ ತೊಳೆದುಬಿಡುತ್ತೆ. ಖಾರ ಹತ್ತಿದ ಬಾಯಿಗೆ ಅದೇ ಗುಳ್ಳೆ ಚುಚ್ಚುತ್ತೆ.

ಪ್ರಮಾಣ: 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನ ಐದು ಗ್ಲಾಸ್. ಎಂಟು ಜನಕ್ಕೆ ತಲಾ ಎರಡು ಅಂದರೆ 16 ಗ್ಲಾಸ್, ಮೂರು ಬಾಟಲಿ ಮೇಲೊಂದು ಗ್ಲಾಸ್. ಮೊದಲು ಎಲ್ಲರಿಗೂ ಒಂದೊಂದು ಸಣ್ಣ ಗ್ಲಾಸ್ ಬ್ರೂಟ್ ಸೇರಿಸಿದರೂ ಐದು ಬಾಟಲಿ ಸಾಕು: ಶೆನಿನ್ ಎರಡು, ಸೋವಿನ್ಯಾನ್ ಒಂದು, ರೋಸೆ ಒಂದು, ಬ್ರೂಟ್ ಒಂದು. ವೈನ್ ಅಂದರೆ ಜ್ಯೂಸ್ ಅಂದುಕೊಳ್ಳೋರಿಗೆ ಒಂದು ಮಾತು: ಶೇ. 12.5ರ ವೈನ್ 150 ಎಂಎಲ್‌ನಲ್ಲಿ ಇರೋ ಆಲ್ಕೋಹಾಲ್, 30 ಎಂಎಲ್ ವಿಸ್ಕಿ ಪೆಗ್‌ನ ಸುಮಾರು ಒಂದೂವರೆ ಪಟ್ಟು. ಎರಡು ಗ್ಲಾಸ್ ಅಂದರೆ ಮೂರು ಸಣ್ಣ ಪೆಗ್. ಸೆಖೆಗೆ ಬೆವರು ಬೇರೆ, ಪ್ರತಿ ಗ್ಲಾಸ್ ಜೊತೆ ಒಂದು ಗ್ಲಾಸ್ ನೀರು ಇಡಿ. ಗಾಡಿ ತಂದವರಿಗೆ ಕೊಡಬೇಡಿ.

ಇನ್ನು ಬಾಟಲಿ ಆರಿಸೋದು. ನಮ್ಮ ಕಡೆ ಬೋರ್ಡ್ ಮೇಲೆ ‘ವೈನ್ಸ್’ ಅಂತ ಇದ್ದರೂ ಒಳಗೆ ಓಡೋದು ವಿಸ್ಕಿ, ಬ್ರಾಂದಿ, ಬಿಯರ್. ವೈನ್ ಬಾಟಲಿ ಶೋಕೇಸಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತೆ. ಆದ್ದರಿಂದ ಬ್ರ್ಯಾಂಡ್‌ಗಿಂತ ಮೊದಲು ಲೇಬಲ್ ಮೇಲಿನ ವರ್ಷ ನೋಡ್ರಿ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್, ಹಾಗಾಗಿ ಏಪ್ರಿಲ್‌ನಲ್ಲಿ ಈ ವರ್ಷದ್ದು ಇನ್ನೂ ಟ್ಯಾಂಕಿನಲ್ಲೇ ಇರುತ್ತೆ. ಬಿಳಿ ವೈನ್, ರೋಸೆ ಕಳೆದ ವರ್ಷದ್ದು ಸಿಕ್ಕರೆ ಉತ್ತಮ, ಅದರ ಹಿಂದಿನದು ಪರವಾಗಿಲ್ಲ, ಅದಕ್ಕೂ ಹಳೇದು ಬೇಡ. ಹಳೇದಾದಷ್ಟೂ ರುಚಿ ಅನ್ನೋ ಮಾತು ಇವಕ್ಕೆ ಲಾಗೂ ಆಗಲ್ಲ. ಮುಂದಿನ ಸಾಲಿನ ಬಾಟಲಿ ಬಿಟ್ಟು ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ. ರೋಸೆ ವಿಷಯದಲ್ಲಂತೂ ಬಿಡಲೇಬೇಡಿ. ಬಣ್ಣ ಕಾಣಲಿ ಅಂತ ಅದನ್ನ ಬಿಳಿ ಗಾಜಿನ ಬಾಟಲಿಗೆ ತುಂಬಿರುತ್ತಾರೆ. ಬಿಸಿಲು ಅಥವಾ ಟ್ಯೂಬ್‌ಲೈಟ್ ಬೆಳಕು ನೇರ ಬಿದ್ದರೆ ಬೇಯಿಸಿದ ಎಲೆಕೋಸಿನ ವಾಸನೆ ಬಂದುಬಿಡುತ್ತೆ.

ಏಳುಸುತ್ತು_ದುರ್ಗ:

ಆಯ್ಕೆ ಬಗ್ಗೆ ಮೇಲಿನವರು ಹೇಳಿದ್ದಾರೆ. ನಮ್ಮ ಎರಡೂ ಊರಲ್ಲಿ ವೈನ್ ಕೆಡೋದು ಮಾತ್ರ ಆಯ್ಕೆಯಲ್ಲಲ್ಲ, ತಣ್ಣಗೆ ಮಾಡೋದ್ರಲ್ಲಿ.

ಬೇಕಾದ ಉಷ್ಣಾಂಶ: ಬ್ರೂಟ್ 6ರಿಂದ 8 ಡಿಗ್ರಿ, ಶೆನಿನ್ ಮತ್ತು ಸೋವಿನ್ಯಾನ್ 8ರಿಂದ 10, ರೋಸೆ 9ರಿಂದ 11. ತಾರಸಿ ಮೇಲೆ 34 ಡಿಗ್ರಿ ಇದ್ದರೆ ಗ್ಲಾಸಿಗೆ ಬಿದ್ದ ವೈನ್ ಹತ್ತು ನಿಮಿಷದಲ್ಲಿ ಏರಿಬಿಡುತ್ತೆ, ಅದಕ್ಕೇ ಎರಡು ಡಿಗ್ರಿ ಕಮ್ಮಿಯಿಂದಲೇ ಶುರು ಮಾಡಿ. 150 ಎಂಎಲ್ ಒಟ್ಟಿಗೆ ಸುರೀಬೇಡಿ, 75-75 ಎಂಎಲ್ ಎರಡು ಸಲ ಹಾಕಿ.

ಫ್ರಿಜ್ ಬೇಕಾಗೇ ಇಲ್ಲ. 20 ಲೀಟರ್ ಬಕೆಟ್ ತಗೊಳ್ಳಿ. 6 ಕೆಜಿ ಐಸ್, ಕೋಳಿಮೊಟ್ಟೆ ಗಾತ್ರಕ್ಕೆ ಒಡೆದಿರಬೇಕು. 6 ಲೀಟರ್ ನೀರು. ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕತ್ತಿನ ತನಕ ಮುಳುಗಿಸಿ. ಸ್ಕ್ರೂ ಕ್ಯಾಪ್ ಬಾಟಲಿ 20-25 ನಿಮಿಷ, ಬ್ರೂಟ್‌ಗೆ ಗಾಜು ದಪ್ಪ ಇರೋದ್ರಿಂದ 35-40 ನಿಮಿಷ. ನಡುವೆ ಒಂದೆರಡು ಸಲ ಬಾಟಲಿ ತಿರುಗಿಸಿದರೆ ಇನ್ನೂ ಬೇಗ, ಬ್ರೂಟ್ ಮಾತ್ರ ಅಲ್ಲಾಡಿಸಬೇಡಿ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಎರಡು. ಮೊದಲನೇದು, ನೀರು ಹಾಕದೆ ಬರೀ ಐಸ್ ತುಂಬೋದು. ಐಸ್ ತುಂಡುಗಳ ನಡುವೆ ಇರೋದು ಗಾಳಿ, ಗಾಳಿ ಶಾಖ ಎಳೆಯಲ್ಲ. ಮುಟ್ಟಿದ ಕಡೆ ಮಾತ್ರ ತಣ್ಣಗಾಗಿ ಉಳಿದ ಬಾಟಲಿ ಹಾಗೇ ಇರುತ್ತೆ. ನೀರು ಬಾಟಲಿಯ ಸುತ್ತ ಪೂರ್ತಿ ಅಂಟಿಕೊಂಡಿರುತ್ತೆ. ಉಪ್ಪು ಹಾಕಿದರೆ ಆ ನೀರು ಸೊನ್ನೆಗಿಂತ ಕೆಳಗೂ ಇಳಿಯುತ್ತೆ. ಎರಡನೇದು, ತಾರಸಿ ಟ್ಯಾಂಕಿನ ನಲ್ಲಿ ನೀರು ಹಿಡಿಯೋದು. ಏಪ್ರಿಲ್ ಸಂಜೆ ಅದು ಸ್ನಾನಕ್ಕೆ ಆಗೋವಷ್ಟು ಬಿಸಿ. 38 ಡಿಗ್ರಿಯ 6 ಲೀಟರ್ ನೀರನ್ನ ತಣಿಸೋಕೇ ಐಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಕರಗಿಹೋಗುತ್ತೆ, ಬಾಟಲಿಗೆ ಏನು ಉಳಿಯಿತು? ಮಣ್ಣಿನ ಮಡಕೆ ನೀರು ಅಥವಾ ಬೆಳಿಗ್ಗೆಯೇ ಒಳಗೆ ತುಂಬಿಟ್ಟ ಕೊಡದ ನೀರು ಬಳಸಿ.

ಐಸ್ ಫ್ಯಾಕ್ಟರಿಯ ಗಡ್ಡೆ ತಂದರೆ ಅದು ಬಕೆಟ್‌ಗೆ ಮಾತ್ರ, ಗ್ಲಾಸಿಗಲ್ಲ. ಗ್ಲಾಸಿಗೆ ಏನಾದರೂ ಹಾಕಲೇಬೇಕು ಅಂದರೆ ಬೀಜವಿಲ್ಲದ ದ್ರಾಕ್ಷಿ ತೊಳೆದು, ಒರೆಸಿ, ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಡಿ. ಗ್ಲಾಸಿಗೆ ನಾಲ್ಕು ಹಾಕಿದರೆ ವೈನ್ ನೀರಾಗದೆ ತಂಪಾಗಿರುತ್ತೆ.

ಫ್ರೀಜರ್‌ಗೆ ಬಾಟಲಿ ತುರುಕಬೇಡಿ. ಶೇ. 12ರ ವೈನ್ ಮೈನಸ್ 5-6 ಡಿಗ್ರಿಗೆ ಹೆಪ್ಪುಗಟ್ಟೋಕೆ ಶುರುವಾಗಿ ಹಿಗ್ಗುತ್ತೆ. ಕಾರ್ಕ್ ಮೇಲೆ ಬರುತ್ತೆ, ಸ್ಕ್ರೂ ಕ್ಯಾಪ್ ಸಡಿಲ ಆಗುತ್ತೆ. ಬ್ರೂಟ್ ಒಳಗೆ ಆಗಲೇ ಹೊರಗಿನ ಗಾಳಿಯ 5-6 ಪಟ್ಟು ಒತ್ತಡ ಇರೋದ್ರಿಂದ ಬಾಟಲಿಯೇ ಸಿಡಿಯಬಹುದು.

ಬ್ರೂಟ್ ತೆಗೆಯೋದು: ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಬೆಚ್ಚಗಿದ್ದರೆ ಅರ್ಧ ನೊರೆಯಾಗಿ ನೆಲಕ್ಕೆ. ತಂತಿ ಬಿಚ್ಚುವಾಗಲೇ ಹೆಬ್ಬೆರಳು ಕಾರ್ಕ್ ಮೇಲಿರಲಿ, ಬಟ್ಟೆ ಮುಚ್ಚಿ, ಬಾಟಲಿಯನ್ನ 45 ಡಿಗ್ರಿ ಓರೆ ಹಿಡಿದು ಯಾರ ಕಡೆಗೂ ತಿರುಗಿಸದೆ, ಕಾರ್ಕ್ ಗಟ್ಟಿ ಹಿಡಿದು ಬಾಟಲಿಯನ್ನ ತಿರುಗಿಸಿ. ಡಬ್ ಅಂತ ಶಬ್ದ ಬಂದರೆ ಫೋಟೋಗೆ ಚೆನ್ನ, ಗುಳ್ಳೆ ಹೋದಂಗೆ. ಉಸ್ ಅಂತ ಬಂದರೆ ಸರಿಯಾಗಿ ತೆಗೆದಿದ್ದೀರ ಅಂತ.

ಹೊಸದುರ್ಗ_ದಾಳಿಂಬೆ:

ರೆಡ್ ಪೂರ್ತಿ ಬೇಡ ಅನ್ನೋದನ್ನ ಒಪ್ಪಲ್ಲ. ರೂಮ್ ಟೆಂಪರೇಚರ್ ಅನ್ನೋ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ, ಅಲ್ಲಿನ ರೂಮ್ ಅಂದರೆ 16-18 ಡಿಗ್ರಿ. ನಮ್ಮ ರೂಮ್ 33! ಆ ಬಿಸಿಗೆ ಯಾವ ರೆಡ್ ಕೊಟ್ಟರೂ ಮೂಗಿಗೆ ಸ್ಪಿರಿಟ್ ಹೊಡೆಯುತ್ತೆ. ಶಿರಾಜ್ ಬದಲು ಹಗುರದ ಸಾಂಜೋವೇಸೆ ಅನ್ನೋ ರೆಡ್ ತಗೊಂಡು, ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲ್ಲಿ ಕಂಪನಿಯವರದು ಇದೆ, ಐಸ್ ನೀರಿನಲ್ಲಿ ಹತ್ತು-ಹನ್ನೆರಡು ನಿಮಿಷ ಇಟ್ಟು 15 ಡಿಗ್ರಿಗೆ ತಂದರೆ ಸುಕ್ಕ ರೊಟ್ಟಿಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ತಣ್ಣಗೆ ಬೇಡ. ತೀರಾ ತಣ್ಣಗಾದರೆ ಒಗರು ಎದ್ದು ನಿಲ್ಲುತ್ತೆ.

ಶಿರಾಜ್ ಆಗಲೇ ತಂದಾಗಿದ್ದರೆ ಸಾಂಗ್ರಿಯಾ, ಅಂದರೆ ಹಣ್ಣು ಹಾಕಿದ ವೈನ್ ಪಾನಕ, ಮಾಡಿ. ಒಂದು ಬಾಟಲಿಗೆ ಒಂದು ಕಿತ್ತಳೆ ಬಿಲ್ಲೆ, ಅರ್ಧ ನಿಂಬೆಹಣ್ಣಿನ ರಸ, ಒಂದು ಬಟ್ಟಲು ದಾಳಿಂಬೆ ಕಾಳು. ಹಿರಿಯೂರು, ಹೊಸದುರ್ಗ ಕಡೆ ದಾಳಿಂಬೆ ಇರೋವಾಗ ಡಬ್ಬಿ ಜ್ಯೂಸ್ ಯಾಕೆ? ಸಕ್ಕರೆ ಎರಡು ಚಮಚ, ಆದರೆ ನೇರ ಹಾಕಬೇಡಿ, ತಣ್ಣನೆ ವೈನ್‌ನಲ್ಲಿ ಕರಗಲ್ಲ, ತಳದಲ್ಲಿ ಕೂರುತ್ತೆ. ಅಷ್ಟೇ ಬಿಸಿ ನೀರಿನಲ್ಲಿ ಕರಗಿಸಿ ಆರಿಸಿ ಸೇರಿಸಿ. ಗಾಜು ಅಥವಾ ಸ್ಟೀಲ್ ಪಾತ್ರೆ. ಹಿತ್ತಾಳೆ, ಅಲ್ಯೂಮಿನಿಯಂ ಮುಟ್ಟಿಸಬೇಡಿ, ಹುಳಿಗೆ ಕಿಲುಬು ರುಚಿ ಬರುತ್ತೆ. ಫ್ರಿಜ್‌ನಲ್ಲಿ ಮೂರು-ನಾಲ್ಕು ಗಂಟೆ. ರಾತ್ರಿಯಿಡೀ ಬಿಟ್ಟರೆ ಕಿತ್ತಳೆ ಸಿಪ್ಪೆಯ ಬಿಳಿ ಭಾಗ ಕಹಿ ಬಿಡುತ್ತೆ. ಬಾಳೆ, ಸಪೋಟ, ಪಪ್ಪಾಯಿ ಹಾಕಿದರೆ ಗೊಜ್ಜು. ಬಡಿಸೋ ಹೊತ್ತಿಗೆ 300 ಎಂಎಲ್ ತಣ್ಣನೆ ಸಾದಾ ಸೋಡಾ. ಗೋಲಿ ಸೋಡಾ ಹಾಕೋದಾದರೆ ಸಿಹಿ, ನಿಂಬೆ ಫ್ಲೇವರ್ ಇರೋದು ಬೇಡ.

ಸೋವಿನ್ಯಾನ್ ಯಾರಿಗಾದರೂ ಹುಳಿ ಅನಿಸಿದರೆ ಎರಡು ಭಾಗ ವೈನ್, ಒಂದು ಭಾಗ ಸೋಡಾ, ಒಂದೆಳೆ ಪುದೀನ. ಇದರಲ್ಲಿ ಆಲ್ಕೋಹಾಲ್ ಶೇ. 8ರ ಆಸುಪಾಸಿಗೆ ಇಳಿಯುತ್ತೆ, ಬೇಸಿಗೆಗೆ ಇದೇ ವಾಸಿ.

ಗಾಜಿನಮನೆ_ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್ ರೀ. ಶೆನಿನ್ ಒಂದು, ಸೋವಿನ್ಯಾನ್ ಒಂದು ಆಗಲೇ ತಂದಾಗಿದೆ. ಸೋವಿನ್ಯಾನ್ ತಳದಲ್ಲಿ ಗಾಜಿನ ಚೂರಿನ ಥರ ಹೊಳೆಯೋ ಹರಳು ಇದೆ. ವಾಪಸ್ ಕೊಡಬೇಕಾ? ಶನಿವಾರದ ತನಕ ಎಲ್ಲಿಡಲಿ? ಕುಡಿದು ಉಳಿದರೆ ಎಷ್ಟು ದಿನ ಇರುತ್ತೆ?

ಕೌಂಟರ್_ಹಿಂದೆ:

ಹರಳು ಗಾಜಲ್ಲ ಸರ್. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಣ್ಣಗಾದಾಗ ಹೀಗೆ ಕೂರುತ್ತೆ. ಬಾಯಿಗೆ ಬಂದರೂ ಏನೂ ಆಗಲ್ಲ. ಬಾಟಲಿ ನಿಲ್ಲಿಸಿಟ್ಟು ನಿಧಾನ ಸುರಿದು ಕೊನೆಯ ಬೆರಳಗಲ ಬಿಟ್ಟರಾಯ್ತು. ವಾಪಸ್ ಕೊಡಬೇಕಾದ್ದು ಬೇರೆ: ಕಾರ್ಕ್ ಬಾಟಲಿ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಕತ್ತಿನ ಮೇಲೆ ವೈನ್ ಸೋರಿ ಅಂಟಾಗಿದ್ದರೆ, ಹೊಸ ಬಿಳಿ ವೈನ್ ಜೇನಿನ ಬಣ್ಣಕ್ಕೆ ತಿರುಗಿದ್ದರೆ. ಅದು ಬಿಸಿಲಿಗೆ ಬೆಂದದ್ದು. ತೆಗೆದ ಮೇಲೆ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ ಅಂತ. ಸ್ಕ್ರೂ ಕ್ಯಾಪ್‌ನಲ್ಲಿ ಈ ತೊಂದರೆ ಇಲ್ಲ ಅನ್ನಬಹುದು.

ಶನಿವಾರದ ತನಕ ಫ್ರಿಜ್‌ನ ಕೆಳಗಿನ ತರಕಾರಿ ಡ್ರಾಯರ್‌ನಲ್ಲಿ ಮಲಗಿಸಿ, ಎರಡು ಬಾಟಲಿಗೆ ಜಾಗ ಆಗುತ್ತೆ. ಬಾಗಿಲಿನ ರ‍್ಯಾಕ್ ಬೇಡ. ಫ್ರಿಜ್ ತಲೆ ಮೇಲೆ, ಅಟ್ಟದ ಮೇಲೆ, ಶೀಟ್ ಮಾಡಿನ ಕೆಳಗೆ ಅಂತೂ ಬೇಡವೇ ಬೇಡ. ಉಳಿದ ಮೂರು ತರುವಾಗ ಕಾರಿನ ಡಿಕ್ಕಿಯಲ್ಲಿಟ್ಟು ಇನ್ನೊಂದು ಕೆಲಸಕ್ಕೆ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರು ಒಂದೇ ಗಂಟೆಯಲ್ಲಿ 50 ಡಿಗ್ರಿ ದಾಟುತ್ತೆ.

ಏಳುಸುತ್ತು_ದುರ್ಗ:

ಉಳಿದದ್ದಕ್ಕೆ: ಬಿಳಿ ಮತ್ತು ರೋಸೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿ ನಿಲ್ಲಿಸಿಟ್ಟರೆ ಮೂರರಿಂದ ಐದು ದಿನ. ಅರ್ಧಕ್ಕಿಂತ ಕಮ್ಮಿ ಉಳಿದಿದ್ದರೆ ಚಿಕ್ಕ ಬಾಟಲಿಗೆ ಬಾಯಿ ತನಕ ತುಂಬಿ, ಗಾಳಿ ಕಮ್ಮಿಯಾದಷ್ಟೂ ಬಾಳಿಕೆ. ಬ್ರೂಟ್ ಮರುದಿನವೇ ಮುಗಿಸಿ, ಅದಕ್ಕೂ ಒತ್ತಡ ಹಿಡಿಯೋ ಕ್ಲಿಪ್ ಮುಚ್ಚಳ ಬೇಕು. ಬಾಯಿಗೆ ಸ್ಟೀಲ್ ಚಮಚ ನೇತುಹಾಕಿದರೆ ಗುಳ್ಳೆ ಉಳಿಯುತ್ತೆ ಅಂತಾರೆ, ಉಳಿಯಲ್ಲ.

ತಾರಸಿಗೆ ಒಯ್ಯುವಾಗ ಬಕೆಟ್ ಭಾರ ಅನಿಸಿದರೆ ಬಾಟಲಿಗೆ ಒದ್ದೆ ಪಂಚೆ ಸುತ್ತಿ ಇಡಿ. ನಮ್ಮದು ಒಣ ಹವೆ, ನೀರು ಆರುವಾಗ ಶಾಖ ಎಳೆದುಕೊಳ್ಳುತ್ತೆ. ಬಿಸಿ ಬಾಟಲಿಯನ್ನ ಇದು ಐಸ್ ನೀರಿನಷ್ಟು ತಣ್ಣಗೆ ಮಾಡಲ್ಲ, ತಣ್ಣಗಿರೋದು ಪೂರ್ತಿ ಬಿಸಿಯಾಗದಂತೆ ತಡೆಯುತ್ತೆ ಅಷ್ಟೆ. ಬಟ್ಟೆ ಒಣಗಿದ ಕೂಡಲೇ ಮತ್ತೆ ಒದ್ದೆ ಮಾಡಬೇಕು.