ಓದುಗರ ಸ್ಪಂದನ: ನನ್ನ ತಟ್ಟೆಯ ಮೇಲೇ ಎಲ್ಲರ ಕಣ್ಣು!

ಕಳೆದ ವಾರದ ಸಮಸ್ಯೆ

ನನಗೆ 38 ವರ್ಷ. ಆಫೀಸಿನಲ್ಲಿ ಕೆಲಸ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಕಹಿ ತರಕಾರಿ ಬಾಯಿಗಿಟ್ಟರೆ ನುಂಗಲು ಆಗುವುದಿಲ್ಲ. ಚಿಕ್ಕಂದಿನಿಂದಲೂ ಹೀಗೇ. ಎಲ್ಲಿ ಊಟಕ್ಕೆ ಕೂತರೂ ಮಾತು ನನ್ನ ತಟ್ಟೆಯ ಮೇಲೇ ಬರುತ್ತದೆ. ‘ಎಲ್ಲರೂ ತಿನ್ನುತ್ತಾರೆ, ನಿನಗೊಬ್ಬಳಿಗೇನು’ ಎನ್ನುತ್ತಾರೆ ಅತ್ತೆ. ಎಂಟು ವರ್ಷದ ಮಗನೂ ಹೊಸದೇನನ್ನೂ ಮುಟ್ಟುವುದಿಲ್ಲ. ಅದಕ್ಕೂ ನಾನೇ ಕಾರಣವಂತೆ. ಈಗ ಆಫೀಸಿನಲ್ಲಿ ಇನ್ನೊಂದು ಗೋಳು. ಸಂಜೆ ನಾಲ್ಕರ ಮೇಲೆ ಏನೂ ತಿನ್ನುವುದಿಲ್ಲ ಎಂದು ಹೆಸರಾಂತ ನಟಿಯೊಬ್ಬರು ಹೇಳಿದರು. ನಮ್ಮ ಮೇಲಧಿಕಾರಿ ಅದನ್ನೇ ಶುರು ಮಾಡಿದರು. ಈಗ ಇಡೀ ವಿಭಾಗವೇ ಮಾಡುತ್ತಿದೆ. ನಾನೂ ಮಾಡಿದೆ. ತಲೆನೋವು, ಸುಸ್ತು, ಮನೆಗೆ ಬಂದರೆ ಸಿಟ್ಟು. ಬಿಡುತ್ತೇನೆ ಎಂದರೆ ಶಿಸ್ತಿಲ್ಲ ಅನ್ನುತ್ತಾರೆ. ಮನೆಯಲ್ಲಿ ಅಡುಗೆಯವರು, ತರಬೇತುದಾರರು ಎಲ್ಲ ಇರುವ ದೊಡ್ಡವರು ನಮಗೆ ಊಟದ ಪಾಠ ಹೇಳುವುದನ್ನು ಕಂಡರೆ ಮೈ ಉರಿಯುತ್ತದೆ. ಸುಮ್ನೆ ಎಲ್ಲರ ಹಾಗೆ ಇದ್ದುಬಿಡಲೇ?
– ಹೆಸರು ಬೇಡ

ಹಾಲು ಆಗದವರೇ ಜಾಸ್ತಿ

ಮೇಡಂ, ಮೊದಲು ಹಾಲಿನ ವಿಷಯ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಹಸುಗೂಸಾಗಿದ್ದಾಗ ಹೆಚ್ಚುಕಡಿಮೆ ಎಲ್ಲರಲ್ಲೂ ಅದು ಬೇಕಾದಷ್ಟು ಇರುತ್ತದೆ. ಬೆಳೆಯುತ್ತಾ ಹೋದಂತೆ ಜಗತ್ತಿನ ಸುಮಾರು ಮೂರನೇ ಎರಡರಷ್ಟು ಜನರಲ್ಲಿ ಅದು ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ. ಹೊಟ್ಟೆ ಉಬ್ಬರ, ಗಾಳಿ, ಭೇದಿ ಎಲ್ಲ ಬರುವುದು ಅಲ್ಲಿಂದಲೇ. ಅಂದರೆ ‘ನಿನಗೊಬ್ಬಳಿಗೇನು’ ಎಂಬ ಪ್ರಶ್ನೆಯೇ ತಪ್ಪು. ಹಾಲನ್ನು ಪೂರ್ತಿ ಅರಗಿಸಿಕೊಳ್ಳಬಲ್ಲ ದೊಡ್ಡವರೇ ಲೆಕ್ಕದಲ್ಲಿ ಕಡಿಮೆ.

ಆದರೆ ಹಾಲಿನ ಪದಾರ್ಥ ಎಲ್ಲವನ್ನೂ ಬಿಡಬೇಕೆಂದೇನೂ ಇಲ್ಲ. ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಸುಮಾರು ಒಂದು ಲೋಟ ಹಾಲು, ಇಂಥ ಸಮಸ್ಯೆ ಇರುವ ಹೆಚ್ಚಿನವರಿಗೂ ದೊಡ್ಡ ತೊಂದರೆ ಕೊಡುವುದಿಲ್ಲ. ಊಟದ ಜೊತೆ ತೆಗೆದುಕೊಂಡರೆ ಇನ್ನೂ ಸಲೀಸು. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳೇ ಒಂದಿಷ್ಟು ಲ್ಯಾಕ್ಟೋಸನ್ನು ಒಡೆದಿರುತ್ತವೆ, ಹಾಗಾಗಿ ಅದು ಒಗ್ಗಬಹುದು. ನಿಮಗೆ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎಂದು ನೀವೇ ನಿಧಾನವಾಗಿ ನೋಡಿಕೊಳ್ಳಿ. ಅನುಮಾನ ಇದ್ದರೆ ವೈದ್ಯರು ಉಸಿರಿನ ಪರೀಕ್ಷೆ ಮಾಡಿಸುತ್ತಾರೆ. ಒಂದು ಎಚ್ಚರಿಕೆ: ಹಾಲು ಕುಡಿದರೆ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಇದ್ದರೆ ಅದು ಅಲರ್ಜಿ. ಅದೇ ಬೇರೆ ಕಾಯಿಲೆ. ಅಲ್ಲಿ ಸ್ವಲ್ಪ ಹಾಲೂ ಅಪಾಯ, ಕೂಡಲೇ ವೈದ್ಯರ ಹತ್ತಿರ ಹೋಗಬೇಕು.

ಇನ್ನು ಕಹಿ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿಯನ್ನು ಸುರಿಯುತ್ತಿದ್ದಾಗ ಅದು ಗಾಳಿಯಲ್ಲಿ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದು ಗೊಣಗಿದರು. ಫಾಕ್ಸ್‌ಗೆ ಮಾತ್ರ ಯಾವ ರುಚಿಯೂ ಗೊತ್ತಾಗಲಿಲ್ಲ. ಕಹಿ ಒಬ್ಬರಿಗೆ ಗೊತ್ತಾಗಿ ಇನ್ನೊಬ್ಬರಿಗೆ ಗೊತ್ತಾಗದಿರುವುದು ಹುಟ್ಟಿನಿಂದ ಬರುವ ಗುಣ ಎಂದು ಆಮೇಲೆ ತಿಳಿಯಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ಜೀನನ್ನು 2003ರಲ್ಲಿ ಪತ್ತೆ ಹಚ್ಚಿದರು. ಕೆಲವು ತರಕಾರಿಗಳ ಕಹಿಯಲ್ಲೂ ಇದರ ಪಾತ್ರವಿದೆ. ನಿಮ್ಮ ಅತ್ತೆಯವರ ನಾಲಿಗೆಗೆ ಹಿತವಾಗಿರುವುದು ನಿಮ್ಮ ನಾಲಿಗೆಗೆ ನಿಜವಾಗಿಯೂ ಬೇರೆ ರುಚಿಯಾಗಿರಬಹುದು. ಇಬ್ಬರದೂ ಸುಳ್ಳಲ್ಲ.

ನಾಲ್ಕು ಗಂಟೆಯ ನಿಯಮದ ಬಗ್ಗೆ ಒಂದು ಮಾತು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೊಜ್ಜು ಇರುವ 139 ಜನರನ್ನು ಎರಡು ಗುಂಪು ಮಾಡಿ 12 ತಿಂಗಳು ನೋಡಿದರು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿನ್ನಬೇಕಿತ್ತು. ಇನ್ನೊಂದಕ್ಕೆ ಹೊತ್ತಿನ ಕಟ್ಟುಪಾಡು ಇರಲಿಲ್ಲ. ಕೊನೆಗೆ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ಈ ಕ್ರಮ ಅನುಕೂಲ, ಅವರು ಮಾಡಲಿ. ನಿಮಗೆ ತಲೆನೋವು ಬರುತ್ತಿದ್ದರೆ ಇವತ್ತೇ ಬಿಡಿ. ನಿಮ್ಮ ವಿಭಾಗದಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಇದ್ದರೆ ವೈದ್ಯರನ್ನು ಕೇಳದೆ ಹೀಗೆ ಹಸಿದಿರುವುದು ಅಪಾಯ ಎಂದು ದಯವಿಟ್ಟು ಅವರಿಗೆ ಹೇಳಿ.
– ಆಹಾರ ತಜ್ಞೆ

ಗಂಡನೇ ಮಾತಾಡಲಿ

ನೋಡಮ್ಮ, ನಾನು ಅಡುಗೆ ಮಾಡಿ ಬಡಿಸುವವಳು. ನನ್ನ ಕಡೆಯ ಮಾತೂ ಕೇಳು. ಬೆಳಗಿನಿಂದ ಒಲೆ ಮುಂದೆ ನಿಂತು ಮಾಡಿದ್ದನ್ನು ಯಾರಾದರೂ ತಟ್ಟೆಯ ಅಂಚಿಗೆ ಸರಿಸಿದರೆ ನೋವಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅಲ್ವಾ? ಬಡಿಸುವಾಗ ಬೇಡ ಎನ್ನುವುದಕ್ಕಿಂತ ಹಿಂದಿನ ದಿನವೇ ಹೇಳಿಬಿಡು. ‘ಇದೊಂದು ನನಗೆ ಆಗೋದಿಲ್ಲ, ಉಳಿದದ್ದು ಏನು ಮಾಡಿದರೂ ಖುಷಿಯಿಂದ ತಿಂತೀನಿ’ ಅಂದರೆ ಮಾಡುವವರಿಗೂ ಸುಲಭ. ನಿನಗೆ ಹಿಡಿಸಿದ್ದನ್ನು ಬಾಯಿ ಬಿಟ್ಟು ಕೇಳಿ ಇನ್ನೊಂದು ಸಲ ಹಾಕಿಸಿಕೋ. ನಿನ್ನ ಅತ್ತೆಯ ಕೈಯಡುಗೆಯಲ್ಲಿ ನಿನಗೆ ಇಷ್ಟವಾದದ್ದು ಒಂದಾದರೂ ಇದ್ದೇ ಇರುತ್ತದೆ.

ಆದರೆ ಅತ್ತೆಗೆ ತಿಳಿಸಿ ಹೇಳಬೇಕಾದವಳು ನೀನಲ್ಲ. ನಿನ್ನ ಗಂಡ. ನೀನು ಪತ್ರದಲ್ಲಿ ಅವನ ಹೆಸರೇ ಎತ್ತಿಲ್ಲ. ಎಲ್ಲರ ಎದುರು ಹೆಂಡತಿಯ ತಟ್ಟೆಯ ವಿಚಾರಣೆ ನಡೆಯುವಾಗ ಅವನೇನು ಮಾಡುತ್ತಿರುತ್ತಾನೆ? ಸೊಸೆ ಹೇಳಿದರೆ ಅದು ಎದುರುತ್ತರ ಆಗುತ್ತದೆ. ಮಗ ಹೇಳಿದರೆ ತಾಯಿ ಕೇಳುತ್ತಾಳೆ. ಊಟಕ್ಕೆ ಕೂತಾಗ ಬೇಡ, ಅಡುಗೆಮನೆಯಲ್ಲಿ ತಾಯಿ ಒಬ್ಬಳೇ ಇದ್ದಾಗ ಅವನು ಒಂದು ಸಲ ಮಾತಾಡಲಿ. ಇದನ್ನು ಅವನಿಗೆ ಓದಿ ಹೇಳು.
– ಗೃಹಿಣಿ, ಅಜ್ಜಿ

ಜೊತೆಗೊಬ್ಬರು ಸಾಕು

ಎಲ್ಲರ ಹಾಗೆ ಇರಬೇಕು ಎಂಬ ಒತ್ತಡ ಎಷ್ಟು ಬಲವಾದದ್ದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ದಶಕದಲ್ಲಿ ತೋರಿಸಿದರು. ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ ಗೆರೆ ಈ ಮೂರರಲ್ಲಿ ಯಾವುದು ಎಂದು ಕೇಳುತ್ತಿದ್ದರು. ಉತ್ತರ ಕಣ್ಣಿಗೆ ರಾಚುವಷ್ಟು ಸ್ಪಷ್ಟ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದರು. ವಿಷಯ ಗೊತ್ತಿಲ್ಲದ ಒಬ್ಬ ವಿದ್ಯಾರ್ಥಿ ಮಾತ್ರ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದ. ಅಂಥ ಸರದಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ತಪ್ಪಿಗೇ ತಲೆಯಾಡಿಸಿದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ಜೊತೆ ಹೋದರು. ಗೆರೆಯ ಉದ್ದಕ್ಕೇ ಹೀಗಾದರೆ, ಮೇಲಧಿಕಾರಿ ಎದುರು ಕೂತಿರುವಾಗ ಊಟದ ವಿಷಯ ಕೇಳಬೇಕೇ?

ನಿಮಗೆ ಬೇಕಾದದ್ದು ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದ ಕೂಡಲೇ ಆ ಒತ್ತಡ ತಟ್ಟನೆ ಇಳಿಯಿತು. ಗುಂಪಿಗೆ ಮಣಿಯುವುದು ಮೊದಲಿದ್ದದ್ದರ ನಾಲ್ಕನೇ ಒಂದರಷ್ಟಾಯಿತು. ನಿಮ್ಮ ವಿಭಾಗದಲ್ಲೂ ಹಸಿವು ತಡೆಯಲಾಗದೆ ಸುಮ್ಮನಿರುವವರು ಇದ್ದೇ ಇರುತ್ತಾರೆ. ಅಂಥ ಒಬ್ಬರನ್ನು ಹುಡುಕಿ ಕೇಳಿ, ‘ನಿಮಗೆ ಸಂಜೆ ಹಸಿವಾಗಲ್ವಾ?’ ಎಂದು. ಇಬ್ಬರೂ ಒಟ್ಟಿಗೆ ಡಬ್ಬಿ ತೆರೆಯಿರಿ. ಇಬ್ಬರನ್ನು ಅಣಕಿಸುವುದು ಒಬ್ಬರನ್ನು ಅಣಕಿಸುವಷ್ಟು ಸುಲಭವಲ್ಲ.

ಮತ್ತೊಂದು ವಿಷಯ. ಜಾಸ್ತಿ ಕಾರಣ ಕೊಡಬೇಡಿ. ಕಾರಣ ಕೊಟ್ಟಷ್ಟೂ ವಾದ ಬೆಳೆಯುತ್ತದೆ. ‘ನನಗೆ ಒಗ್ಗಲ್ಲ’ ಎಂದು ನಗುತ್ತಾ ಹೇಳಿ ಮಾತು ಬದಲಿಸಿ.
– ಮನಶ್ಶಾಸ್ತ್ರ ಉಪನ್ಯಾಸಕ

ಮಗನನ್ನು ಬಿಟ್ಟುಬಿಡಿ

ಎಲ್ಲರೂ ನಿಮ್ಮ ಬಗ್ಗೆ ಬರೆಯುತ್ತಾರೆ. ನನಗೆ ನಿಮ್ಮ ಹುಡುಗನ ಚಿಂತೆ. ಹೊಸ ತಿಂಡಿ ಕಂಡರೆ ಹಿಂದೆ ಸರಿಯುವುದು ಮಕ್ಕಳಲ್ಲಿ ತೀರಾ ಸಾಮಾನ್ಯ. ಬ್ರಿಟನ್ನಿನಲ್ಲಿ 8ರಿಂದ 11 ವರ್ಷದ ಸಾವಿರಾರು ಅವಳಿ ಮಕ್ಕಳನ್ನು ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವ ಪ್ರಕಾರ, ಈ ಗುಣದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಟ್ಟಿನಿಂದ ಬಂದದ್ದು. ನಿಮ್ಮನ್ನು ನೋಡಿ ಕಲಿತ ಎಂದು ಯಾರಾದರೂ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ಬಲವಂತ ಮಾತ್ರ ಯಾರೂ ಮಾಡಬಾರದು. 2006ರ ಒಂದು ಪ್ರಯೋಗದಲ್ಲಿ ಪುಟ್ಟ ಮಕ್ಕಳಿಗೆ ಸೂಪ್ ಕೊಟ್ಟು, ‘ಮುಗಿಸು, ಮುಗಿಸು’ ಎಂದು ಒತ್ತಾಯ ಮಾಡಿ ನೋಡಿದರು. ಒತ್ತಾಯ ಇಲ್ಲದಾಗಲೇ ಮಕ್ಕಳು ಹೆಚ್ಚು ಕುಡಿದರು, ಅದರ ಬಗ್ಗೆ ಕೆಟ್ಟ ಮಾತೂ ಕಡಿಮೆ ಆಡಿದರು. ಹೊಸದನ್ನು ಸ್ವಲ್ಪವೇ ಸ್ವಲ್ಪ ತಟ್ಟೆಯಲ್ಲಿಡಿ. ತಿಂದರೆ ತಿಂದ, ಬಿಟ್ಟರೆ ಬಿಟ್ಟ. ಕೆಲವು ದಿನ ಬಿಟ್ಟು ಮತ್ತೆ ಇಡಿ. ಎಂಟು ಹತ್ತು ಸಲ, ಕೆಲವರಿಗೆ ಹದಿನೈದು ಸಲ ರುಚಿ ನೋಡಿದ ಮೇಲೆ ಒಪ್ಪುವುದುಂಟು. ತರಗತಿಯಲ್ಲಿ ಮಕ್ಕಳ ಜೊತೆ ಕೂತು ಊಟ ಮಾಡುವಾಗ ನಾನು ಕಂಡದ್ದೂ ಅದೇ. ಸುಮ್ಮನೆ ಬಿಟ್ಟ ಮಗು ಪಕ್ಕದ ಮಗುವಿನ ಡಬ್ಬಿಗೆ ತಾನಾಗಿ ಕೈ ಹಾಕುತ್ತದೆ.
– ಪ್ರಾಥಮಿಕ ಶಾಲೆಯ ಶಿಕ್ಷಕಿ

ದೊಡ್ಡವರ ಮಾತನ್ನು ಹೇಗೆ ಅಳೆಯಬೇಕು

ನಿಮ್ಮ ಮೈ ಉರಿಯುವುದು ನ್ಯಾಯವೇ. ಹೆಸರಾಂತರ ದಿನಚರಿಯಲ್ಲಿ ನಮಗೆ ಕಾಣುವುದು ತಟ್ಟೆ ಮಾತ್ರ. ಆ ತಟ್ಟೆಯನ್ನು ಯಾರು ತುಂಬಿದರು, ಆಮೇಲೆ ಯಾರು ತೊಳೆದರು ಎನ್ನುವುದು ಕಾಣುವುದಿಲ್ಲ. ಸಂಜೆ ಬಸ್ಸಿನಲ್ಲಿ ನಿಂತು ಮನೆ ಸೇರಿ, ಮಗುವಿಗೆ ಪಾಠ ಹೇಳಿ, ಅಡುಗೆಯನ್ನೂ ಮಾಡುವವಳಿಗೆ ನಾಲ್ಕರ ಮೇಲೆ ತಿನ್ನಬೇಡ ಎನ್ನುವುದು ತುಂಬಾ ಕಷ್ಟದ ನಿಯಮ. ಸಂಜೆ ಹೊತ್ತು ಮಲಗಬಲ್ಲವರಿಗೆ ಅದು ಅಷ್ಟು ಕಷ್ಟವಲ್ಲ. ಹಣ ಪಡೆದು ಒಂದು ವಸ್ತುವನ್ನು ಹೊಗಳಿದರೆ ಅದನ್ನು ತಿಳಿಸಲೇಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಹೊಗಳುವ ವೀಡಿಯೊ ನೋಡಿದಾಗ ಮೊದಲು ಆ ಸಾಲನ್ನು ಹುಡುಕಿ.

ಆದರೆ ಎಲ್ಲ ದೊಡ್ಡವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. 1965ರಲ್ಲಿ ದವಸದ ಅಭಾವ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಅದಕ್ಕೆ ಮೊದಲು ತಮ್ಮ ಮನೆಯವರು, ಮಕ್ಕಳು ಹಾಗಿರಬಲ್ಲರೇ ಎಂದು ಮನೆಯಲ್ಲೇ ಮಾಡಿ ನೋಡಿದ್ದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನಲ್ಲಿ ರೇಷನ್ ಇತ್ತು. 1942ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಅಲ್ಲಿನ ಅರಮನೆಗೆ ಹೋದಾಗ ಅವರಿಗೆ ಬಡಿಸಿದ್ದು ಯಾವ ಮನೆಯಲ್ಲೂ ಸಿಗಬಹುದಾಗಿದ್ದ ಯುದ್ಧಕಾಲದ ಊಟ. ಬಡಿಸಿದ ತಟ್ಟೆ ಮಾತ್ರ ಚಿನ್ನ, ಬೆಳ್ಳಿಯದು. ಅದನ್ನು ಮರೆಯಬೇಕಾಗಿಲ್ಲ. 2013ರಲ್ಲಿ ಪೋಪ್ ಆದ ಫ್ರಾನ್ಸಿಸ್ ಅರಮನೆ ಬಿಟ್ಟು ಅತಿಥಿಗೃಹದಲ್ಲಿ ಉಳಿದರು. ಅಲ್ಲಿನ ಊಟದ ಕೋಣೆಯಲ್ಲಿ ಉಳಿದವರ ಜೊತೆಯಲ್ಲೇ ಉಂಡರು.

ಯಾರಾದರೂ ನಮಗೆ ಹೀಗೆ ತಿನ್ನಿ ಎಂದಾಗ ನಾನು ಕೇಳಿಕೊಳ್ಳುವುದು ಇಷ್ಟೇ. ಇವರು ಹೇಳುತ್ತಿರುವ ಕಷ್ಟ ಇವರ ಮನೆಯಲ್ಲೂ ಇದೆಯೇ? ಶಾಸ್ತ್ರಿಯವರ ಮನೆಯಲ್ಲಿ ಇತ್ತು. ಅದಕ್ಕೇ ಜನ ಅವರ ಮಾತು ಕೇಳಿದರು.
– ನಿವೃತ್ತ ಪತ್ರಕರ್ತ

ಸಿಟ್ಟು ಯಾರ ಮೇಲೆ?

ಹಿಂದಿನವರ ಮಾತಿಗೆ ನನ್ನದೊಂದು ತಕರಾರು. ಆ ನಟಿ ನಿಮ್ಮ ಡಬ್ಬಿ ಕಿತ್ತುಕೊಳ್ಳಲಿಲ್ಲ. ಅವರು ತಮ್ಮ ಊಟದ ಬಗ್ಗೆ ಹೇಳಿಕೊಂಡರು, ಅಷ್ಟೇ. ಅದನ್ನು ಕಚೇರಿಯ ಶಿಸ್ತು ಮಾಡಿದ್ದು ನಿಮ್ಮ ಮೇಲಧಿಕಾರಿ. ಕೈಯಲ್ಲಿ ಅಧಿಕಾರ ಇರುವವರು ‘ನಾವೆಲ್ಲ ಹೀಗೆ ಮಾಡೋಣ’ ಎಂದರೆ ಕೆಳಗಿನವರಿಗೆ ಅದು ಆಜ್ಞೆಯಾಗಿಯೇ ಕೇಳಿಸುತ್ತದೆ. ಪಾಪ, ಅವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಶುರು ಮಾಡಿರಬಹುದು. ದೂರದ ನಟಿಯ ಮೇಲೆ ಸಿಟ್ಟಾಗುವುದು ಸುಲಭ. ಎದುರಿಗಿರುವ ಸಾಹೇಬರ ಹತ್ತಿರ ಮಾತಾಡುವುದು ಕಷ್ಟ. ಆದರೆ ನಿಮ್ಮ ಸಂಜೆಯ ತಲೆನೋವು ಹೋಗುವುದು ಎರಡನೆಯದರಿಂದ.

ಎಲ್ಲರೂ ಇರುವಾಗ ಬೇಡ. ಐದು ನಿಮಿಷ ಸಮಯ ಕೇಳಿ ಒಬ್ಬರೇ ಹೋಗಿ. ‘ಸರ್, ನಾನು ಮಾಡಿ ನೋಡಿದೆ. ನನ್ನ ದೇಹಕ್ಕೆ ಒಗ್ಗಲಿಲ್ಲ. ಸಂಜೆ ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ. ನನ್ನ ಹೊತ್ತಿಗೆ ನಾನು ತಿಂತೀನಿ’ ಅನ್ನಿ. ಅಪ್ಪಣೆ ಕೇಳಬೇಡಿ, ವಿಷಯ ತಿಳಿಸಿ. ಅದಾದ ಮೇಲೂ ಶಿಸ್ತಿಲ್ಲ ಎಂಬ ಮಾತು ಬಂದರೆ, ನೀವು ಹೇಳಿದ್ದನ್ನೇ ಎರಡು ಸಾಲಿನ ಮೇಲ್ ಮಾಡಿ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಮೇಲೆ ಬರೆದಿರುವ ಉಪನ್ಯಾಸಕರು ಹೇಳಿದಂತೆ ಜೊತೆಗೊಬ್ಬರು ಸಿಕ್ಕರೆ, ಅವರ ಕೈಯಲ್ಲೂ ಹಾಗೇ ಬರೆಸಿ.
– ಖಾಸಗಿ ಕಂಪನಿಯ ಉದ್ಯೋಗಿ